ಗ್ಯಾಸ್ ಟರ್ಬೈನ್ ನಿರ್ವಹಣೆಗೆ ತಂತ್ರಾಂಶ: ಗೆಲುವಿನ ಹನ್ನೊಂದು ಸೂತ್ರಗಳು

ವಿದ್ಯುತ್ ಸ್ಥಾವರದ ಗ್ಯಾಸ್ ಟರ್ಬೈನಿನಲ್ಲಿ ಮೊದಲ ಸಾಲಿನ ಬಕೆಟ್‌ಗಳಿಗೆ, ಅಂದರೆ ತಿರುಗುವ ಬ್ಲೇಡುಗಳಿಗೆ, ಬಡಿಯುವ ಅನಿಲದ ಉಷ್ಣತೆ ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿರುತ್ತದೆ. ಅದೇ ಹೊತ್ತಿಗೆ ನಮ್ಮ ದೇಶದ ದೊಡ್ಡ ಯಂತ್ರಗಳಲ್ಲಿ ರೋಟರ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುತ್ತದೆ. ಆ ಬಿಸಿಯಲ್ಲಿ, ಆ ವೇಗದಲ್ಲಿ ಲೋಹ ದಿನವೂ ಒಂದಿಷ್ಟು ಸವೆಯುತ್ತದೆ. ಎಷ್ಟು ಸವೆದಿದೆ ಎಂಬುದು ಓಡುತ್ತಿರುವ ಯಂತ್ರದ ಹೊರಗೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ಲೆಕ್ಕದಿಂದಲೇ ತಿಳಿಯಬೇಕು.

ಆ ಲೆಕ್ಕವನ್ನಿಡಲು ಸ್ಯಾಪ್‌ನ ಪ್ಲಾಂಟ್ ಮೇಂಟೆನೆನ್ಸ್, ಐಬಿಎಂನ ಮ್ಯಾಕ್ಸಿಮೊ ಮುಂತಾದ ತಂತ್ರಾಂಶಗಳಿವೆ. ಕೋಟಿಗಟ್ಟಲೆ ಖರ್ಚು ಮಾಡಿ ಕೊಂಡ ಮೇಲೂ ಎಷ್ಟೋ ಕಡೆ ಅವು ವರ್ಕ್ ಆರ್ಡರ್ ಮುದ್ರಿಸುವುದಕ್ಕಷ್ಟೇ ಬಳಕೆಯಾಗುತ್ತವೆ. ನಿಜವಾದ ಲೆಕ್ಕ ಹಿರಿಯ ಎಂಜಿನಿಯರೊಬ್ಬರ ಎಕ್ಸೆಲ್ ಹಾಳೆಯಲ್ಲೋ, ಅವರ ತಲೆಯಲ್ಲೋ ಉಳಿದಿರುತ್ತದೆ. ಅವರು ನಿವೃತ್ತರಾದರೆ ಯಂತ್ರದ ಇಪ್ಪತ್ತು ವರ್ಷದ ಚರಿತ್ರೆಯೂ ಅವರ ಹಿಂದೆಯೇ ಗೇಟು ದಾಟಿ ಹೋಗುತ್ತದೆ. ತಂತ್ರಾಂಶ ಯಂತ್ರದ ನೆನಪಾಗಬೇಕು, ಆ ನೆನಪು ಸತ್ಯವಾಗಿರಬೇಕು. ಯಲಹಂಕದ 370 ಮೆಗಾವಾಟ್ ಸ್ಥಾವರದಲ್ಲಿರುವವರಿಗೂ ಕೊಲ್ಲಿ ದೇಶಗಳ ಸ್ಥಾವರಗಳಲ್ಲಿ ದುಡಿಯುವ ನಮ್ಮ ಎಂಜಿನಿಯರುಗಳಿಗೂ ಮುಂದಿನ ಸೂತ್ರಗಳು ಒಂದೇ.

1. ಗಂಟೆಯ ಜೊತೆ ಸ್ಟಾರ್ಟನ್ನೂ ಎಣಿಸಿ

ಮೊದಲು ಸರಿಯಾಗಬೇಕಾದದ್ದು ಎಣಿಕೆ. ಇದು ತಪ್ಪಿದರೆ ಮೇಲೆ ಕಟ್ಟಿದ್ದೆಲ್ಲ ತಪ್ಪು.

ಜನರಲ್ ಎಲೆಕ್ಟ್ರಿಕ್ (ಜಿಇ) ವಿನ್ಯಾಸದ ಭಾರಿ ಟರ್ಬೈನುಗಳಲ್ಲಿ ತಪಾಸಣೆಯ ಸಮಯವನ್ನು ಎರಡು ಬೇರೆ ಬೇರೆ ಎಣಿಕೆಗಳು ನಿರ್ಧರಿಸುತ್ತವೆ: ಉರಿದ ಗಂಟೆಗಳು ಮತ್ತು ಸ್ಟಾರ್ಟ್‌ಗಳು. ಯಾವುದು ಮೊದಲು ಮಿತಿ ಮುಟ್ಟುತ್ತದೋ ಆಗ ಯಂತ್ರವನ್ನು ಬಿಚ್ಚಬೇಕು. ಎಫ್ ದರ್ಜೆಯ ಯಂತ್ರಗಳಲ್ಲಿ ಹಾಟ್ ಗ್ಯಾಸ್ ಪಾತ್ ತಪಾಸಣೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಮೂಲ ಮಿತಿ 24,000 ಗಂಟೆ ಅಥವಾ 900 ಸ್ಟಾರ್ಟ್. ಹಗಲು ರಾತ್ರಿ ಓಡುವ ಯಂತ್ರ 24,000 ಗಂಟೆ ಮುಟ್ಟಲು ಸುಮಾರು ಎರಡೂಮುಕ್ಕಾಲು ವರ್ಷ ಬೇಕು. ಸಂಜೆಯ ಬೇಡಿಕೆಗೆಂದು ದಿನಕ್ಕೊಮ್ಮೆ ಹೊತ್ತಿಸಿ ಎಂಟು ಗಂಟೆ ಓಡಿಸುವ ಯಂತ್ರ 900 ದಿನಗಳಲ್ಲಿ ಸ್ಟಾರ್ಟಿನ ಮಿತಿ ಮುಟ್ಟಿಬಿಡುತ್ತದೆ. ಆಗ ಅದರ ಗಂಟೆ ಮೀಟರು ತೋರಿಸುವುದು ಬರೀ 7,200. ಗಂಟೆಯನ್ನಷ್ಟೇ ನೋಡುವ ತಂತ್ರಾಂಶ ‘ಇನ್ನೂ ಮೂರರಲ್ಲಿ ಎರಡು ಪಾಲು ಆಯಸ್ಸಿದೆ’ ಎಂದು ಹೇಳುತ್ತಿರುತ್ತದೆ.

ಎರಡು ಎಣಿಕೆ ಏಕೆಂದರೆ ಲೋಹ ಎರಡು ರೀತಿಯಲ್ಲಿ ಸೋಲುತ್ತದೆ. ಒಂದೇ ಬಿಸಿಯಲ್ಲಿ ಬಹುಕಾಲ ಎಳೆತ ತಾಳಿದ ಬಕೆಟ್ ನಿಧಾನಕ್ಕೆ ಹಿಗ್ಗುತ್ತದೆ, ಮೇಲ್ಮೈ ಉತ್ಕರ್ಷಣಗೊಳ್ಳುತ್ತದೆ. ಇದು ಗಂಟೆಗಳ ಹೊಡೆತ. ಕಾದು ತಣ್ಣಗಾಗಿ ಮತ್ತೆ ಕಾಯುವ ಲೋಹದಲ್ಲಿ ಸಣ್ಣ ಬಿರುಕುಗಳು ಹುಟ್ಟುತ್ತವೆ. ಇದು ಸ್ಟಾರ್ಟ್‌ಗಳ ಹೊಡೆತ.

ಟ್ರಿಪ್‌ಗಳನ್ನು, ಅಂದರೆ ಯಂತ್ರ ತಟ್ಟನೆ ತಾನಾಗಿ ನಿಲ್ಲುವುದನ್ನು, ಮರೆಯಬೇಡಿ. ಪೂರ್ತಿ ಲೋಡಿನಲ್ಲಿದ್ದಾಗ ಆಗುವ ಒಂದು ಟ್ರಿಪ್ ಹಾಟ್ ಗ್ಯಾಸ್ ಪಾತ್‌ಗೆ ಸುಮಾರು ಎಂಟು ಸಾಮಾನ್ಯ ಸ್ಟಾರ್ಟ್‌ಗಳಷ್ಟು ಭಾರ ಎಂದು ಇದೇ ತಯಾರಕರ ಲೆಕ್ಕಾಚಾರ ಹೇಳುತ್ತದೆ. ಹಾಗಾಗಿ ಟ್ರಿಪ್ ಆಯಿತು ಎಂಬಷ್ಟೇ ಸಾಲದು, ಎಷ್ಟು ಲೋಡಿನಲ್ಲಿ ಆಯಿತು ಎಂಬುದೂ ದಾಖಲಾಗಬೇಕು. ಇಂಧನ ಬದಲಾದರೂ ಗುಣಕ ಬದಲಾಗುತ್ತದೆ: ನೈಸರ್ಗಿಕ ಅನಿಲಕ್ಕಿಂತ ದ್ರವ ಇಂಧನ ಯಂತ್ರವನ್ನು ಬೇಗ ಸವೆಸುತ್ತದೆ. ಸೀಮೆನ್ಸ್ ಪದ್ಧತಿಯೇ ಬೇರೆ. ಅಲ್ಲಿ ಗಂಟೆ, ಸ್ಟಾರ್ಟ್ ಎರಡನ್ನೂ ಕೂಡಿಸಿ ಒಂದೇ ‘ಸಮಾನ ಗಂಟೆ’ ಸಂಖ್ಯೆ ಮಾಡುತ್ತಾರೆ. ಎನ್‌ಟಿಪಿಸಿಯ ದಾದ್ರಿ ಸ್ಥಾವರದಲ್ಲಿರುವುದು ಸೀಮೆನ್ಸ್ ವಿನ್ಯಾಸದ ಯಂತ್ರಗಳು. ಅಲ್ಲಿಯ ಸೂತ್ರವನ್ನು ತಂದು ಜಿಇ ಯಂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ, ಅದು ತಪ್ಪು ಉತ್ತರ. ನಿಮ್ಮ ಯಂತ್ರದ ಮಾದರಿಗೆ ತಯಾರಕರು ಈಗ ಅನ್ವಯಿಸುವ ಸೂತ್ರ ಯಾವುದೋ ಅದನ್ನೇ ತುಂಬಿಸಿ. ಅದರ ಆವೃತ್ತಿ ಯಾವುದು, ಯಾವ ದಿನ ತುಂಬಿಸಿದ್ದು ಎಂಬುದನ್ನೂ ಬರೆದಿಡಿ.

2. ಹೆಸರಿಡುವ ಕೆಲಸಕ್ಕೆ ಅವಸರ ಬೇಡ

ಒಂದೇ ಪಂಪನ್ನು ಆಪರೇಷನ್‌ನವರು ಒಂದು ಹೆಸರಿನಿಂದ, ಮೆಕ್ಯಾನಿಕಲ್‌ನವರು ಇನ್ನೊಂದರಿಂದ, ಸ್ಟೋರಿನವರು ಮತ್ತೊಂದರಿಂದ ಕರೆಯುವ ಸ್ಥಾವರದಲ್ಲಿ ಯಾವ ತಂತ್ರಾಂಶವೂ ಚರಿತ್ರೆ ಕಟ್ಟಲಾರದು. ಜರ್ಮನಿಯಲ್ಲಿ ಹುಟ್ಟಿದ ಕೆಕೆಎಸ್ ಸಂಕೇತ ಪದ್ಧತಿ ಇದಕ್ಕೆಂದೇ ಇದೆ. ಅದರಲ್ಲಿ ‘ಎಂಬಿ’ ಎಂದರೆ ಗ್ಯಾಸ್ ಟರ್ಬೈನ್. ‘ಎಂಬಿಎಲ್’ ಗಾಳಿ ಒಳಬರುವ ದಾರಿ, ‘ಎಂಬಿಪಿ’ ಅನಿಲ ಇಂಧನ, ‘ಎಂಬಿವಿ’ ಲ್ಯೂಬ್ ಆಯಿಲ್. ಕೆಕೆಎಸ್ ಆಗಲಿ, ನಿಮ್ಮದೇ ಪದ್ಧತಿಯಾಗಲಿ, ಒಂದನ್ನು ಆರಿಸಿ. ಡ್ರಾಯಿಂಗಿನಲ್ಲಿ, ಕಂಟ್ರೋಲ್ ರೂಮಿನ ಪರದೆಯಲ್ಲಿ, ವಾಲ್ವಿಗೆ ಕಟ್ಟಿದ ತಗಡಿನ ಮೇಲೆ, ತಂತ್ರಾಂಶದಲ್ಲಿ ಅದೇ ಇರಲಿ. ಇಬ್ಬರು ಟೆಕ್ನಿಷಿಯನ್ನರು ಪಟ್ಟಿ ಹಿಡಿದು ಸ್ಥಾವರವನ್ನೆಲ್ಲ ಸುತ್ತಿ ತಗಡುಗಳನ್ನು ತಾಳೆ ನೋಡಲಿ. ಬೇಸರದ ಕೆಲಸವೇ, ಆದರೆ ಇದನ್ನು ಬಿಟ್ಟವರು ಮುಂದೆ ಪ್ರತಿ ವರ್ಕ್ ಆರ್ಡರಿನಲ್ಲೂ ತೊಂದರೆ ಅನುಭವಿಸುತ್ತಾರೆ.

3. ಜಾಗಕ್ಕೊಂದು ದಾಖಲೆ, ಭಾಗಕ್ಕೊಂದು ಜಾತಕ

ಗ್ಯಾಸ್ ಟರ್ಬೈನಿನ ದುಬಾರಿ ಬಿಡಿಭಾಗಗಳು ಒಂದು ಕಡೆ ನಿಲ್ಲುವವಲ್ಲ. ಲೈನರ್, ಟ್ರಾನ್ಸಿಷನ್ ಪೀಸ್, ಫ್ಯುಯೆಲ್ ನಾಝಲ್, ಬಕೆಟ್, ಶ್ರೌಡ್ ಎಲ್ಲವನ್ನೂ ಓವರ್‌ಹಾಲ್‌ನಲ್ಲಿ ಕಳಚಿ ರಿಪೇರಿಗೆ ಕಳಿಸುತ್ತಾರೆ. ಅಲ್ಲಿ ಬೆಸುಗೆ, ಶಾಖ ಸಂಸ್ಕಾರ, ಹೊಸ ಲೇಪನ ಆಗುತ್ತದೆ. ತಿಂಗಳುಗಟ್ಟಲೆ ಆದ ಮೇಲೆ ಮರಳಿ ಬಂದ ಭಾಗ ಪಕ್ಕದ ಯೂನಿಟ್ಟಿನೊಳಗೆ ಕೂರಬಹುದು. ಯೂನಿಟ್ 1ರಲ್ಲಿ ಅದು ತಾಳಿದ ಗಂಟೆ, ಸ್ಟಾರ್ಟ್, ಟ್ರಿಪ್‌ಗಳು ಅದರ ಜೊತೆಗೇ ಯೂನಿಟ್ 2ಕ್ಕೆ ಬರಬೇಕು. ದಾಖಲೆ ಯೂನಿಟ್ಟಿಗೆ ಮಾತ್ರ ಅಂಟಿಕೊಂಡಿದ್ದರೆ ಹಳೆಯ ಬಕೆಟ್‌ಗಳಿಗೆ ಹೊಸದರ ಆಯಸ್ಸು ದಕ್ಕುತ್ತದೆ. ಅದರ ಪರಿಣಾಮ ಭೀಕರ. ಮೊದಲ ಸಾಲಿನಲ್ಲಿ ಒಂದು ಬಕೆಟ್ ಮುರಿದರೆ ಅದರ ಚೂರು ಹಿಂದಿನ ಸಾಲುಗಳನ್ನೆಲ್ಲ ಬಡಿದುಕೊಂಡು ಹೋಗುತ್ತದೆ.

ತಂತ್ರಾಂಶದಲ್ಲಿ ಎರಡು ಮರಗಳಿರಲಿ. ಒಂದು ಜಾಗಗಳದ್ದು: ಯೂನಿಟ್, ಸಾಲು, ಸ್ಥಾನ ಸಂಖ್ಯೆ. ಇನ್ನೊಂದು ಭಾಗಗಳದ್ದು: ಲೋಹದ ಮೇಲೆ ಕೆತ್ತಿದ ಸೀರಿಯಲ್ ನಂಬರು, ಎಷ್ಟನೇ ರಿಪೇರಿ, ಯಾವ ಲೇಪನ, ಈವರೆಗಿನ ಗಂಟೆ ಮತ್ತು ಸ್ಟಾರ್ಟ್. ಯಾವ ಭಾಗ ಯಾವ ಜಾಗದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಇತ್ತು ಎಂಬುದನ್ನು ತಂತ್ರಾಂಶವೇ ಜೋಡಿಸಬೇಕು.

ವಿಮಾನದ ಎಂಜಿನಿನಿಂದ ಬೆಳೆದ ಟರ್ಬೈನುಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಇಡೀ ಎಂಜಿನನ್ನೇ ತೆಗೆದು ಬದಲಿ ಎಂಜಿನ್ ಕೂರಿಸುತ್ತಾರೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಶುರುವಾದ 220 ಮೆಗಾವಾಟ್‌ನ ತೇಲುವ ಸ್ಥಾವರದಲ್ಲಿ ಇದ್ದದ್ದು ಈ ಬಗೆಯ ಎಲ್‌ಎಂ6000 ಯಂತ್ರಗಳು. ನಾಫ್ತಾದಲ್ಲಿ ಉರಿಯುತ್ತಿದ್ದ ಆ ಸ್ಥಾವರ ಮುಂದೆ ದೋಣಿಸಮೇತ ಕಾಕಿನಾಡಕ್ಕೆ ಹೋಗಿ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಯಂತ್ರ ಹೀಗೆ ಊರನ್ನೂ ಇಂಧನವನ್ನೂ ಬದಲಿಸುವಾಗ ಅದರ ಚರಿತ್ರೆ ಸೀರಿಯಲ್ ನಂಬರಿನೊಂದಿಗೇ ಸಾಗಬೇಕು.

4. ಒಂದು ಯೂನಿಟ್ಟಿನಿಂದ ಶುರು ಮಾಡಿ

ಇಡೀ ಸ್ಥಾವರವನ್ನು ಒಂದೇ ಸಲ ತಂತ್ರಾಂಶಕ್ಕೆ ಏರಿಸುವ ಆಸೆ ಬಿಡಿ. ಒಂದು ಟರ್ಬೈನ್, ಅದರ ಲ್ಯೂಬ್ ಆಯಿಲ್, ಇಂಧನ ವ್ಯವಸ್ಥೆ ಸಾಕು. ಆರು ತಿಂಗಳು ನಡೆಸಿ, ದೋಷ ತಿದ್ದಿ, ಆಮೇಲೆ ಮುಂದಕ್ಕೆ ಹೋಗಿ. ಆ ಆರು ತಿಂಗಳು ಕಾಗದದ ಲಾಗ್‌ಬುಕ್ಕನ್ನೂ ಉಳಿಸಿಕೊಳ್ಳಿ.

5. ‘ಅಟೆಂಡೆಡ್, ಫೌಂಡ್ ನಾರ್ಮಲ್’ ಎಂಬ ಸಾಲನ್ನು ನಿಲ್ಲಿಸಿ

ಯಾವ ಸ್ಥಾವರದ ಲಾಗ್‌ಬುಕ್ ತೆರೆದರೂ ಸಿಗುವ ಸಾಲು ಇದು. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಕೆಟ್ಟಿತ್ತು, ಹೇಗೆ ಕೆಟ್ಟಿತ್ತು, ಕಾರಣವೇನು, ಏನು ಮಾಡಿದಿರಿ? ಈ ನಾಲ್ಕೂ ಉತ್ತರ ತುಂಬದೆ ವರ್ಕ್ ಆರ್ಡರ್ ಮುಚ್ಚದಂತೆ ತಂತ್ರಾಂಶವನ್ನು ಕಟ್ಟಿ. ತೈಲ ಮತ್ತು ಅನಿಲ ಉದ್ಯಮಕ್ಕಾಗಿ ರೂಪುಗೊಂಡ ಐಎಸ್‌ಒ 14224 ಮಾನದಂಡದಲ್ಲಿ ಗ್ಯಾಸ್ ಟರ್ಬೈನಿನ ವೈಫಲ್ಯಗಳಿಗೆ ಸಿದ್ಧ ಕೋಡ್‌ಗಳೇ ಇವೆ. ಅವನ್ನು ಹಾಗೆಯೇ ಸುರಿಯಬೇಡಿ. ನೂರು ಆಯ್ಕೆ ಕಂಡ ಟೆಕ್ನಿಷಿಯನ್ ಕೊನೆಯ ‘ಇತರೆ’ಯನ್ನೇ ಒತ್ತುತ್ತಾನೆ. ಪ್ರತಿ ಉಪಕರಣಕ್ಕೆ ಹತ್ತರೊಳಗೆ ಆಯ್ಕೆ ಇಡಿ.

ಕಾರಣ ಬರೆದವರ ಮೇಲೆ ಕ್ರಮ ಕೈಗೊಂಡರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ‘ಬೋಲ್ಟು ಬಿಗಿ ಮಾಡಿರಲಿಲ್ಲ’ ಎಂದು ಬರೆದ ಹುಡುಗನಿಗೆ ಮೆಮೊ ಕೊಡುವ ಅಧಿಕಾರಿ ಹಾಳುಮಾಡುವುದು ಇಡೀ ಡೇಟಾಬೇಸನ್ನು. ತಂತ್ರಾಂಶಗಳು ಸೋಲುವ ಕಾರಣಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇದನ್ನೇ.

6. ಕಂಟ್ರೋಲ್ ಸಿಸ್ಟಂನಿಂದ ಓದಿ, ಅದಕ್ಕೆ ಬರೆಯಬೇಡಿ

ಗಂಟೆ, ಸ್ಟಾರ್ಟ್, ಟ್ರಿಪ್, ಕಂಪನ, ಉಷ್ಣತೆ ಎಲ್ಲವೂ ಟರ್ಬೈನಿನ ಕಂಟ್ರೋಲ್ ಸಿಸ್ಟಂನಲ್ಲಿ ಇದ್ದೇ ಇವೆ. ಕೈಯಿಂದ ಮತ್ತೆ ತುಂಬಿಸುವುದೇಕೆ? ಅಳತೆಗಳನ್ನು ಕೂಡಿಡುವ ಹಿಸ್ಟೋರಿಯನ್ ತಂತ್ರಾಂಶದ ಮೂಲಕ ನಿರ್ವಹಣಾ ತಂತ್ರಾಂಶಕ್ಕೆ ತಾನಾಗಿಯೇ ಹರಿಯುವಂತೆ ಮಾಡಿ.

ಅದರ ಲಾಭಕ್ಕೆ ಒಂದು ಉದಾಹರಣೆ ಸಾಕು. ಜಿಇಯ ಫ್ರೇಮ್ 9ಇ ಯಂತ್ರದಲ್ಲಿ 14 ದಹನ ಕೋಶಗಳಿವೆ. ಹೊರಹೋಗುವ ಅನಿಲದ ದಾರಿಯಲ್ಲಿ ಸುತ್ತಲೂ 24 ಥರ್ಮೊಕಪಲ್‌ಗಳಿವೆ. ಒಂದು ನಾಝಲ್ ಕಟ್ಟಿಕೊಂಡರೆ ಆ ಕೋಶದ ಅನಿಲ ತಣ್ಣಗಿರುತ್ತದೆ, ಎಕ್ಸಾಸ್ಟ್‌ನಲ್ಲಿ ಒಂದು ಕಡೆ ಉಷ್ಣತೆ ಕುಸಿಯುತ್ತದೆ. ಆದರೆ ಅನಿಲ ಟರ್ಬೈನಿನ ಸಾಲುಗಳನ್ನು ದಾಟುವಾಗ ಸುಳಿಯಂತೆ ತಿರುಗಿರುತ್ತದೆ. ಆದ್ದರಿಂದ ತಣ್ಣನೆಯ ಥರ್ಮೊಕಪಲ್‌ನ ನೇರಕ್ಕಿರುವ ಕೋಶವೇ ದೋಷಿಯಾಗಿರುವುದಿಲ್ಲ. ಎಷ್ಟು ತಿರುಗಿದೆ ಎಂಬುದು ಲೋಡಿನೊಂದಿಗೆ ಬದಲಾಗುತ್ತದೆ. ಯಾವ ಲೋಡಿನಲ್ಲಿ ಯಾವ ಥರ್ಮೊಕಪಲ್ ಯಾವ ಕೋಶವನ್ನು ತೋರಿಸುತ್ತದೆ ಎಂಬ ಕೋಷ್ಟಕವನ್ನು ತಂತ್ರಾಂಶದಲ್ಲಿ ಕೂರಿಸಿದರೆ, ಅಂತರ ಹೆಚ್ಚುತ್ತಿರುವಾಗಲೇ ಅದು ಇಂಥ ಕೋಶ ನೋಡಿ ಎಂದು ವರ್ಕ್ ಆರ್ಡರ್ ಎಬ್ಬಿಸುತ್ತದೆ. ಟ್ರಿಪ್ ಆಗುವ ಮೊದಲೇ ಗೊತ್ತಾದರೆ ಎಂಟು ಸ್ಟಾರ್ಟಿನಷ್ಟು ಆಯಸ್ಸು ಉಳಿದಂತೆ.

ಹರಿವು ಮಾತ್ರ ಒಮ್ಮುಖವಾಗಿರಲಿ. ಕಚೇರಿಯ ಜಾಲದಿಂದ ಟರ್ಬೈನ್ ಕಂಟ್ರೋಲ್‌ಗೆ ಯಾವ ದಾರಿಯೂ ತೆರೆದಿರಬಾರದು. 2015ರ ಡಿಸೆಂಬರಿನಲ್ಲಿ ಯುಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ನಡೆದ ದಾಳಿಯಲ್ಲಿ ನುಸುಳುಕೋರರು ಕಚೇರಿಯ ಇ-ಮೇಲ್ ಮೂಲಕ ಒಳಬಂದು ನಿಯಂತ್ರಣ ಕೊಠಡಿಯವರೆಗೆ ನಡೆದರು. ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರಿನಲ್ಲಿ ವಿದ್ಯುತ್ ವಲಯಕ್ಕೆ ಸೈಬರ್ ಭದ್ರತೆಯ ಮಾರ್ಗಸೂಚಿ ಹೊರಡಿಸಿದೆ. ತಂತ್ರಾಂಶ ಕೊಳ್ಳುವ ಮೊದಲೇ ಅದನ್ನು ಓದಿ, ಕೊಂಡ ಮೇಲಲ್ಲ.

7. ಕಂಪ್ರೆಸರ್ ತೊಳೆಯುವ ದಿನವನ್ನು ಅಂಕಿ ಹೇಳಲಿ

ಗಾಳಿಯ ದೂಳು, ಎಣ್ಣೆಯ ತೇವ, ಕರಾವಳಿಯಲ್ಲಿ ಉಪ್ಪು, ಇವೆಲ್ಲ ಕಂಪ್ರೆಸರ್ ಬ್ಲೇಡಿಗೆ ಅಂಟಿ ಉತ್ಪಾದನೆಯನ್ನು ತಗ್ಗಿಸುತ್ತವೆ. ತೊಳೆದರೆ ಬಹುಪಾಲು ಮರಳಿ ಬರುತ್ತದೆ. ಆದರೆ ಆಫ್‌ಲೈನ್ ತೊಳೆತಕ್ಕೆ ಯಂತ್ರ ನಿಂತು ತಣಿಯಬೇಕು, ಅಷ್ಟು ಹೊತ್ತು ಕರೆಂಟಿಲ್ಲ. ತಿಂಗಳಿಗೊಮ್ಮೆ ಎಂಬ ಕುರುಡು ನಿಯಮದ ಬದಲು ನಷ್ಟವನ್ನು ಅಳೆದು ನಿರ್ಧರಿಸಿ.

ಅಳೆಯುವುದರಲ್ಲಿ ಒಂದು ಎಚ್ಚರ. ಟರ್ಬೈನಿನ ಸಾಮರ್ಥ್ಯವನ್ನು ನಮೂದಿಸುವುದು ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಗಾಳಿಗೆ. ಗಾಳಿ ಬಿಸಿಯಾದಂತೆ, ತೆಳುವಾದಂತೆ ಶಕ್ತಿ ಇಳಿಯುತ್ತದೆ. ಯಲಹಂಕ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅದೇ ಯಂತ್ರ ಕರಾವಳಿಯಲ್ಲಿ ಕೊಡುವಷ್ಟು ಕೊಡದಿರುವುದು ಸಹಜ. ಏಪ್ರಿಲ್ ಮಧ್ಯಾಹ್ನದ ಉತ್ಪಾದನೆಯನ್ನು ಡಿಸೆಂಬರ್ ಬೆಳಗಿನದಕ್ಕೆ ಹೋಲಿಸಿ ‘ಕಂಪ್ರೆಸರ್ ಕೊಳೆಯಾಗಿದೆ’ ಎನ್ನುವಂತಿಲ್ಲ. ಉಷ್ಣತೆ, ಒತ್ತಡ, ತೇವಾಂಶಗಳಿಗೆ ತಿದ್ದುಪಡಿ ಮಾಡಿದ ಅಂಕಿಯನ್ನೇ ತಂತ್ರಾಂಶ ತೋರಿಸಬೇಕು. ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸವೂ ಅದೇ ಪರದೆಯಲ್ಲಿರಲಿ.

8. ಪರ್ಮಿಟ್ ಇಲ್ಲದೆ ವರ್ಕ್ ಆರ್ಡರ್ ಚಲಿಸದಿರಲಿ

ಟರ್ಬೈನನ್ನು ಮುಚ್ಚಿದ ಕೋಣೆಯಲ್ಲಿ ಬೆಂಕಿ ನಂದಿಸಲು ಬಹಳ ಸ್ಥಾವರಗಳಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಒಳಗೆ ಕೆಲಸ ನಡೆಯುತ್ತಿರುವಾಗ ಅದು ಬಿಡುಗಡೆಯಾದರೆ ಉಸಿರುಗಟ್ಟಲು ನಿಮಿಷಗಳೂ ಬೇಡ. ಆ ವ್ಯವಸ್ಥೆಯನ್ನು ಪ್ರತ್ಯೇಕಿಸಿ ಬೀಗ ಹಾಕಿದ್ದಾಗಿದೆ, ಅನಿಲದ ಲೈನ್ ಮುಚ್ಚಿದ್ದಾಗಿದೆ, ಬ್ರೇಕರ್ ಹೊರಗೆಳೆದಿದ್ದಾಗಿದೆ ಎಂದು ಶಿಫ್ಟ್ ಇನ್‌ಚಾರ್ಜ್ ಒಂದೊಂದಾಗಿ ದೃಢಪಡಿಸುವವರೆಗೆ ವರ್ಕ್ ಆರ್ಡರ್ ‘ಆರಂಭ’ ಸ್ಥಿತಿಗೆ ಹೋಗಲೇಬಾರದು. ತುರ್ತು ಎಂದು ಈ ಬೀಗವನ್ನು ದಾಟುವ ಅಧಿಕಾರವನ್ನು ಯಾರಿಗೂ ಕೊಡಬೇಡಿ, ಮುಖ್ಯ ಎಂಜಿನಿಯರಿಗೂ.

9. ಓವರ್‌ಹಾಲನ್ನು ಒಂದು ವರ್ಷಕ್ಕೂ ಮೊದಲೇ ತೆರೆಯಿರಿ

ಬಕೆಟ್‌ಗಳ ಸೆಟ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಮೊದಲ ಸೂತ್ರದ ಎಣಿಕೆ ಸರಿಯಿದ್ದರೆ ಮಿತಿ ಮುಟ್ಟುವ ತಿಂಗಳನ್ನು ತಂತ್ರಾಂಶ ಬಹಳ ಮುಂಚೆಯೇ ಹೇಳುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಖರೀದಿ, ಕ್ರೇನ್, ಪರಿಣತರ ತಂಡ, ಗ್ರಿಡ್‌ನವರ ಒಪ್ಪಿಗೆ ಎಲ್ಲಕ್ಕೂ ದಿನ ಗೊತ್ತುಮಾಡಿ. ಯಂತ್ರ ಬಿಚ್ಚಿದಾಗ ಕಂಡ ಅಂತರಗಳನ್ನೂ ಮುಚ್ಚುವಾಗ ಬಿಟ್ಟ ಅಂತರಗಳನ್ನೂ ಬೇರೆ ಬೇರೆಯಾಗಿ ದಾಖಲಿಸಿ. ಬೋರೋಸ್ಕೋಪ್ ಚಿತ್ರಗಳಿಗೆ ಸಾಲು, ಸ್ಥಾನ ಸಂಖ್ಯೆ, ಅಂದಿನ ಗಂಟೆ ಮತ್ತು ಸ್ಟಾರ್ಟ್ ಹಚ್ಚಿ. ಕಳೆದ ವರ್ಷ ಕಂಡ ಬಿರುಕು ಈ ವರ್ಷ ಬೆಳೆದಿದೆಯೇ ಎಂಬ ಪ್ರಶ್ನೆಗೆ ಒಂದರ ಪಕ್ಕ ಒಂದಿಟ್ಟ ಎರಡು ಚಿತ್ರಗಳು ಕೊಡುವಷ್ಟು ಸ್ಪಷ್ಟ ಉತ್ತರ ಯಾವ ವರದಿಯಲ್ಲೂ ಸಿಗದು.

10. ನಿಂತ ಯಂತ್ರಕ್ಕೆ ಕ್ಯಾಲೆಂಡರ್ ಕೊಡಿ

ಭಾರತದಲ್ಲಿ ಅನಿಲ ಆಧಾರಿತ ಸ್ಥಾವರಗಳ ಸಾಮರ್ಥ್ಯ 2024ರಲ್ಲಿ ಸುಮಾರು 25,000 ಮೆಗಾವಾಟ್ ಇತ್ತು. ಕೃಷ್ಣಾ-ಗೋದಾವರಿ ಕಣಿವೆಯ ಡಿ6 ಕ್ಷೇತ್ರದ ಅನಿಲ ನಿರೀಕ್ಷೆಯಷ್ಟು ಬಾರದೆ, ಆಮದು ಅನಿಲ ದುಬಾರಿಯಾಗಿ, ಇವುಗಳಲ್ಲಿ ಬಹುಪಾಲು ವರ್ಷದ ಹೆಚ್ಚಿನ ದಿನ ನಿಂತೇ ಇರುತ್ತವೆ. ಆದರೆ ಬೇಕೆಂದಾಗ ಓಡಲೇಬೇಕು. 2024ರ ಬೇಸಿಗೆಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಮೇ 1ರಿಂದ ಜೂನ್ 30ರವರೆಗೆ ಅನಿಲ ಸ್ಥಾವರಗಳನ್ನು ಸಜ್ಜಾಗಿಸಿತು.

ಇಲ್ಲಿ ತಂತ್ರಾಂಶದ ಒಂದು ದೊಡ್ಡ ಕುರುಡು ಬೆಳಕಿಗೆ ಬರುತ್ತದೆ. ಗಂಟೆ ಮತ್ತು ಸ್ಟಾರ್ಟ್ ಆಧಾರದ ಕೆಲಸಗಳು ಯಂತ್ರ ಓಡಿದರೆ ಮಾತ್ರ ಎದ್ದು ಬರುತ್ತವೆ. ನಿಂತ ಯಂತ್ರದ ಕಂಪ್ರೆಸರಿನಲ್ಲಿ ತೇವ ಕೂತು ತುಕ್ಕು ಹಿಡಿಯುತ್ತಿದ್ದರೂ ಪರದೆಯ ಮೇಲೆ ಒಂದು ವರ್ಕ್ ಆರ್ಡರೂ ಇರುವುದಿಲ್ಲ. ಆದ್ದರಿಂದ ಯೂನಿಟ್ ‘ನಿಂತಿದೆ’ ಎಂದು ಗುರುತಿಸಿದ ಕೂಡಲೇ ದಿನಾಂಕ ಆಧಾರದ ಬೇರೊಂದು ಪಟ್ಟಿ ಜೀವ ಪಡೆಯಬೇಕು: ಗೊತ್ತಾದ ದಿನಗಳಿಗೊಮ್ಮೆ ಟರ್ನಿಂಗ್ ಗೇರ್‌ನಲ್ಲಿ ರೋಟರ್ ತಿರುಗಿಸುವುದು, ಒಣಗಾಳಿಯ ಯಂತ್ರ ಓಡುತ್ತಿದೆಯೇ ನೋಡುವುದು, ಲ್ಯೂಬ್ ಆಯಿಲ್‌ನಲ್ಲಿ ನೀರಿನಂಶ ಪರೀಕ್ಷಿಸುವುದು, ಬ್ಯಾಟರಿ ಬ್ಯಾಂಕ್ ನೋಡುವುದು. ನಮ್ಮ ದೇಶದ ಸ್ಥಾವರಗಳ ಮಟ್ಟಿಗೆ ಈ ಸೂತ್ರವನ್ನು ಪಾಲಿಸದವರು ಉಳಿದ ಹತ್ತನ್ನು ಪಾಲಿಸಿಯೂ ಪ್ರಯೋಜನ ಕಡಿಮೆ.

11. ಕೆಲಸ ಮಾಡುವವರ ಭಾಷೆ, ಡೇಟಾ ಸ್ಥಾವರದ್ದು

ಸ್ಪ್ಯಾನರ್ ಹಿಡಿಯುವವರಲ್ಲಿ ಗುತ್ತಿಗೆ ಕಾರ್ಮಿಕರೇ ಹೆಚ್ಚು. ‘ಬೇರಿಂಗ್ ಹತ್ತಿರ ಎಣ್ಣೆ ಜಿನುಗುತ್ತಿದೆ, ಫ್ಲಾಂಜಿನ ಕೆಳಭಾಗ, ನಿನ್ನೆಗಿಂತ ಜಾಸ್ತಿ’ ಎಂದು ಕನ್ನಡದಲ್ಲಿ ಅಷ್ಟು ನಿಖರವಾಗಿ ಹೇಳಬಲ್ಲವರಿಂದ ಇಂಗ್ಲಿಷಿನಲ್ಲಿ ಹೊರಡುವುದು ‘ಆಯಿಲ್ ಲೀಕ್’ ಎಂಬ ಎರಡು ಪದ. ಇಂದಿನ ಬಹುತೇಕ ತಂತ್ರಾಂಶಗಳು ಯುನಿಕೋಡ್ ಒಪ್ಪುತ್ತವೆ. ಕೋಡ್‌ಗಳು ಇಂಗ್ಲಿಷಿನಲ್ಲೇ ಇರಲಿ, ವಿವರಣೆಯನ್ನು ಕನ್ನಡದಲ್ಲಿ ಬರೆಯಲು, ಮಾತಾಡಿ ದಾಖಲಿಸಲು, ಫೋಟೊ ಹಚ್ಚಲು ಬಿಡಿ. ಕರ್ನಾಟಕದ ಸ್ಥಾವರದಲ್ಲಿ ಕನ್ನಡದ ಕಾಲಂ ಇಲ್ಲದ ಫಾರಂ ಅರ್ಧ ಫಾರಂ.

ಕೊನೆಯದಾಗಿ ಒಪ್ಪಂದದ ಮಾತು. ದೀರ್ಘಾವಧಿ ಸೇವಾ ಒಪ್ಪಂದಗಳಲ್ಲಿ ತಯಾರಕ ಕಂಪನಿಯೇ ದೂರದ ಕೇಂದ್ರದಲ್ಲಿ ಕೂತು ನಿಮ್ಮ ಯಂತ್ರದ ನಾಡಿ ನೋಡುತ್ತಿರುತ್ತದೆ. ಅದು ಒಳ್ಳೆಯದೇ. ಆದರೆ ಒಪ್ಪಂದ ಮುಗಿದ ದಿನ ಹತ್ತು ವರ್ಷದ ಕಂಪನದ ದಾಖಲೆ, ರಿಪೇರಿ ವರದಿ, ಬೋರೋಸ್ಕೋಪ್ ಚಿತ್ರ ಯಾರ ಕೈಯಲ್ಲಿರುತ್ತವೆ? ನಿಮ್ಮ ಸ್ಥಾವರದ ಒಪ್ಪಂದ ಪತ್ರವನ್ನು ಈ ವಾರವೇ ತೆಗೆದು ಡೇಟಾದ ಕಲಮನ್ನು ಓದಿ. ಎಲ್ಲ ದಾಖಲೆಯೂ ತೆರೆದ ಫೈಲ್ ರೂಪದಲ್ಲಿ, ಕೇಳಿದಾಗ, ಹೆಚ್ಚಿನ ಹಣವಿಲ್ಲದೆ ಸ್ಥಾವರಕ್ಕೆ ಸಿಗಬೇಕು ಎಂಬ ಮಾತು ಅಲ್ಲಿಲ್ಲದಿದ್ದರೆ ಮುಂದಿನ ನವೀಕರಣಕ್ಕೆ ಸಹಿ ಬೀಳುವ ಮೊದಲು ಅದನ್ನು ಸೇರಿಸಿ.